ಪೈಲಟ್ ಬುಷ್ ಬದಲಾಯಿಸುವ ಮುನ್ನ

1

ಒಬ್ಬ ಹುಡುಗಿ ಗೇರ್‌ಬಾಕ್ಸಿನ ಬೋಲ್ಟುಗಳನ್ನು ಒಂದೊಂದಾಗಿ ಸೀಮೆಎಣ್ಣೆಯಲ್ಲಿ ಅದ್ದಿ, ಚಿಂದಿ ಬಟ್ಟೆಯಲ್ಲಿ ಒರೆಸಿ, ತಟ್ಟೆಯಲ್ಲಿ ಸಾಲಾಗಿ ಇಡುತ್ತಿದ್ದಾಳೆ.

ಹೀಗೆ ಶುರು ಮಾಡಬಹುದೇ? ನನಗೇ ಅನುಮಾನ. ಬೋಲ್ಟು ಒರೆಸುವವಳನ್ನು ನೋಡುತ್ತ ನೀವಾದರೂ ಎಷ್ಟು ಹೊತ್ತು ಕೂರುತ್ತೀರಿ? (ಗೊತ್ತಾಯಿತಲ್ಲ, ಅವಳು ನಾನೇ. ‘ಒಬ್ಬ ಹುಡುಗಿ’ ಎಂದು ಬರೆದರೆ ಸ್ವಲ್ಪ ತೂಕ ಬರುತ್ತದೇನೋ ಎಂದು ನೋಡಿದೆ. ಬರಲಿಲ್ಲ.)

1, ಮತ್ತೊಮ್ಮೆ

ಕೀಈಈಈಈ!

ಇದು ವಾಸಿ. ಕಥೆ ಸದ್ದಿನಿಂದ ಶುರುವಾದರೆ ಓದುವವರು ತಲೆಯೆತ್ತುತ್ತಾರೆ. ಇದು ನನ್ನ ಚಿಕ್ಕಮ್ಮನ ಕಾರಿನ ಸದ್ದು. ಕ್ಲಚ್ ಒತ್ತಿದಾಗ ಮಾತ್ರ ಬರುತ್ತದೆ. ಕಾಲು ತೆಗೆದರೆ ಕಾರು ಏನೂ ಗೊತ್ತಿಲ್ಲದವರ ಹಾಗೆ ಸುಮ್ಮನಾಗುತ್ತದೆ.

ಚಿಕ್ಕಮ್ಮ ಹೆಂಗಸರಿಗೆ ಡ್ರೈವಿಂಗ್ ಕಲಿಸುತ್ತಾಳೆ. ಅವಳ ಸ್ಕೂಲಿಗೆ ಕಟ್ಟಡವಿಲ್ಲ, ಬೋರ್ಡಿಲ್ಲ. ಈ ಕಾರೇ ಸ್ಕೂಲು. ಸೋಮವಾರ ಅವಳ ಮೂವರು ಶಿಷ್ಯೆಯರಿಗೆ ಲೈಸೆನ್ಸ್ ಪರೀಕ್ಷೆ, ಇದೇ ಕಾರಿನಲ್ಲಿ. ಕಾರು ರೆಡಿಯಾಗದಿದ್ದರೆ ಮೂವರೂ ಮುಖ್ಯರಸ್ತೆಯ ದೊಡ್ಡ ಸ್ಕೂಲಿಗೆ ಹೋಗುತ್ತಾರೆ. ಅವರ ಹಿಂದೆ ಉಳಿದವರೂ ಹೋಗುತ್ತಾರೆ. ಆಮೇಲೆ ಚಿಕ್ಕಮ್ಮನ ಬಳಿ ಉಳಿಯುವುದು ಹಳೆಯ ಕಾರೊಂದೇ.

ಅವಳ ಗಂಡ, ಅಂದರೆ ನನ್ನ ಚಿಕ್ಕಪ್ಪ, ಮೆಕ್ಯಾನಿಕ್. ಮನೆಯ ಪಕ್ಕದ ಶೆಡ್ಡೇ ಅವರ ಗ್ಯಾರೇಜು. ಗೇರ್‌ಬಾಕ್ಸ್ ಇಳಿಸಿ, ಒಳಗೆ ಟಾರ್ಚ್ ಬಿಟ್ಟು, ಒಂದೇ ಮಾತು ಹೇಳಿದರು: "ಪೈಲಟ್ ಬುಷ್."

2

(ಇಲ್ಲಿ ವಿವರಣೆ ಬರುತ್ತದೆ. ಹಾರಿಸಿ ಓದುವ ಅಭ್ಯಾಸವಿದ್ದವರು ದಯವಿಟ್ಟು ಇದೊಂದನ್ನು ಹಾರಿಸಬೇಡಿ, ತುಂಬ ಚಿಕ್ಕದು.)

ಇಂಜಿನ್ನಿನ ಹಿಂದೆ ತಿರುಗುವ ದಪ್ಪ ಚಕ್ರವೊಂದಿದೆ. ಅದರ ನಟ್ಟನಡುವೆ ಒಂದು ತೂತು. ಗೇರ್‌ಬಾಕ್ಸಿನಿಂದ ಬರುವ ಶಾಫ್ಟಿನ ಮೂತಿ ಆ ತೂತಿನಲ್ಲಿ ಕೂರುತ್ತದೆ. ಎರಡರ ನಡುವೆ ಬೆರಳಿಗೆ ಹಾಕಿಕೊಳ್ಳಬಹುದಾದಷ್ಟು ಚಿಕ್ಕ ಕಂಚಿನ ಬಳೆ, ಅದೇ ಬುಷ್. ಕ್ಲಚ್ ಬಿಟ್ಟಿದ್ದಾಗ ಇಂಜಿನ್ನೂ ಶಾಫ್ಟೂ ಜೊತೆಯಲ್ಲೇ ತಿರುಗುತ್ತವೆ, ಬುಷ್ಷಿಗೆ ಪುಕ್ಕಟೆ ಸವಾರಿ. ಕ್ಲಚ್ ಒತ್ತಿದಿರೋ, ಇಂಜಿನ್ ಒಂದು ದಾರಿ, ಶಾಫ್ಟ್ ಒಂದು ದಾರಿ. ನಡುವೆ ಸಿಕ್ಕಿಕೊಂಡು ಉಜ್ಜಿಸಿಕೊಳ್ಳುವುದು ಈ ಬಳೆ.

(ಗಂಡ ಹೆಂಡಿರ ನಡುವೆ ನಾನೂ ಹಾಗೆಯೇ ಎಂದು ಈಗ ಬರೆಯುತ್ತೇನೆಂದು ಕಾಯುತ್ತಿದ್ದೀರಿ. ಬರೆಯುವುದಿಲ್ಲ. ಬುಷ್ ಅಂದರೆ ಬುಷ್ಷೇ.)

3

"ನಿನ್ನ ಪಾಠಾನೇ ಈ ಬುಷ್ ತಿಂದಿದ್ದು ಕಣೇ," ಎಂದರು ಚಿಕ್ಕಪ್ಪ. "ನಾಯಿ ಬಂದ್ರೂ ಕ್ಲಚ್ ಒತ್ತು, ನಾಯಿ ನೆರಳು ಬಂದ್ರೂ ಕ್ಲಚ್ ಒತ್ತು."

"ಹೊಸಬ್ರು ಹೆದರ್ಕೊಂಡಾಗ ಕಾಲಿಗೆ ಏನಾದ್ರೂ ಕೆಲಸ ಬೇಕಲ್ರೀ! ಬ್ರೇಕ್ ಅಂದ್ರೆ ಎಗರಿ ಒತ್ತಿ ಗಾಜಿಗೆ ಹಣೆ ಚಚ್ಕೋತಾರೆ. ಕ್ಲಚ್ ಪಾಪ, ಯಾರಿಗೂ ಏನೂ ಮಾಡಲ್ಲ."

"ಬುಷ್ಷಿಗೆ ಮಾಡುತ್ತೆ."

"ಬುಷ್ಷಿಗೇನು ಹೆಂಡ್ತಿ ಮಕ್ಕಳಿದಾರಾ?"

ಚಿಕ್ಕಪ್ಪ ಎದ್ದು ಬಚ್ಚಲಿಗೆ ಹೋಗಿ ಚಿಕ್ಕಮ್ಮನ ಗುಲಾಬಿ ಸೋಪು ತಂದರು.

ಹಳೆಯ ಬುಷ್ ತೆಗೆಯುವ ಉಪಾಯವಿದು. ತೂತಿನ ತುಂಬ ಸೋಪು ತುರುಕಬೇಕು. ತೂತಿಗೆ ಸರಿಯಾಗಿ ಕೂರುವ ಸಲಾಕೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯಬೇಕು. ಸೋಪಿಗೆ ಓಡಲು ಜಾಗವಿಲ್ಲ. ಅದು ಬುಷ್ಷಿನ ಬೆನ್ನಿಗೆ ಹೋಗಿ, ಹಿಂದಿನಿಂದ ಅದನ್ನೇ ಆಚೆ ದಬ್ಬುತ್ತದೆ. ಧಡ್. ಇನ್ನಷ್ಟು ಸೋಪು. ಧಡ್. ನಾಲ್ಕೈದು ಏಟಿಗೆ ಬುಷ್ ಪುಳಕ್ಕನೆ ಹೊರಬಿತ್ತು. ಶೆಡ್ಡೆಲ್ಲ ಮದುವೆಮನೆಯ ಘಮ.

"ಅದು ನನ್ನ ಹೊಸಾ ಸೋಪು!"

"ಬುಷ್ಷಿಗೆ ಸ್ನಾನ ಮಾಡಿಸ್ದೆ. ಹೆಂಡ್ತಿ ಮಕ್ಕಳಿಲ್ವಲ್ಲ, ಪಾಪ."

(ಸೋಪಿನ ಪ್ರಸಂಗ ನನ್ನ ಕಲ್ಪನೆ ಎಂದುಕೊಂಡಿರಾ? ಈ ಕಥೆಯಲ್ಲಿ ನಾನು ಕಟ್ಟದೇ ಇರುವುದು ಅದೊಂದೇ.)

5

(ನಾಲ್ಕನ್ನು ಹರಿದು ಎಸೆದೆ. ಅದರಲ್ಲಿ ಸೂರ್ಯಾಸ್ತ ಬಂದುಬಿಟ್ಟಿತ್ತು.)

ಈಗ ಆಯ್ಕೆ. ತೂತಿಗೆ ಎರಡು ಬಗೆಯದು ಹಾಕಬಹುದು. ಒಂದು, ಮೊದಲಿನಂತೆ ಕಂಚಿನ ಬುಷ್. ತಾನು ಸವೆದು ಶಾಫ್ಟನ್ನು ಉಳಿಸುತ್ತದೆ. ಇನ್ನೊಂದು ನೀಡಲ್ ಬೇರಿಂಗ್. ಒಳಗೆ ಸುತ್ತಲೂ ಸೂಜಿಯಂಥ ಉಕ್ಕಿನ ಕಡ್ಡಿಗಳು, ಶಾಫ್ಟಿನ ಮೇಲೆ ಅವೇ ಉರುಳುತ್ತವೆ. ದಿನವಿಡೀ ಕ್ಲಚ್ ತುಳಿಯುವ ಕಾರಿಗೆ ಬೇರಿಂಗೇ ಬಾಳಿಕೆ ಬರುವುದೆಂದು ಚಿಕ್ಕಪ್ಪ. ಇಷ್ಟು ವರ್ಷ ಓಡಿಸಿದ್ದು ಕಂಚೇ ಅಲ್ಲವೇ ಎಂದು ಚಿಕ್ಕಮ್ಮ. ತೀರ್ಪಿಗೆ ಬಿಡಿಭಾಗದ ಅಂಗಡಿಯವರಿಗೆ ಫೋನ್ ಮಾಡಿದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರದು ಎತ್ತಿದ ಕೈ. ನಾವು ಅವರನ್ನು ಕರೆಯುವುದೇ ಹೌದಪ್ಪ ಎಂದು.

"ಅಣ್ಣಾ, ಇದಕ್ಕೆ ನೀಡಲ್ ಬೇರಿಂಗೇ ಒಳ್ಳೇದಲ್ವಾ?"

"ಹೌದಪ್ಪ, ನೀಡಲ್ಲೇ."

ಚಿಕ್ಕಮ್ಮ ಫೋನ್ ಕಸಿದುಕೊಂಡಳು. "ಅಣ್ಣಾ, ಕಂಚೇ ಸರಿ ತಾನೇ?"

"ಹೌದಮ್ಮ, ಕಂಚು ಕಂಚೇ."

(ಚಿಕ್ಕಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ಇದನ್ನು ಓದಿದಳು. "ನಾನೆಲ್ಲೇ ಕಸ್ಕೊಂಡೆ? ಕೇಳಿ ಇಸ್ಕೊಂಡೆ. ತಿದ್ದು." ತಿದ್ದುವುದಿಲ್ಲ.)

ಹೌದಪ್ಪ ಎರಡನ್ನೂ ಕಳಿಸಿದರು. ಜೊತೆಗೆ, ಯಾರೂ ಕೇಳದ ಮೂರನೆಯದೊಂದು, ಥಳಥಳ ಹೊಳೆಯುವ ಬುಷ್. ಚಿಕ್ಕಪ್ಪ ಅದರ ಹತ್ತಿರ ಆಯಸ್ಕಾಂತ ಹಿಡಿದರು. ಟಕ್ಕನೆ ಅಂಟಿತು.

"ಒಳಗೆ ಕಬ್ಬಿಣ ಬೆರೆಸಿದಾರೆ. ಇದನ್ನ ಹಾಕಿದ್ರೆ ಶಾಫ್ಟನ್ನೇ ಅರೆದುಬಿಡುತ್ತೆ."

"ಥೂ!" ಎಂದಳು ಚಿಕ್ಕಮ್ಮ. ಅಂದು ಗಂಡ ಹೆಂಡತಿ ಒಪ್ಪಿದ ಏಕೈಕ ವಿಷಯ ಇದು. ದಾಖಲಿಸಿದ್ದೇನೆ.

6

ಯಾವುದನ್ನು ಹಾಕುವುದೆಂದು ಬರೆಯುವವಳು ನಾನಲ್ಲವೇ? ಸುಲಭ.

ಮುಕ್ತಾಯ ಒಂದು: ನೀಡಲ್ ಬೇರಿಂಗ್ ಹಾಕಿದೆವು. ಶಿಷ್ಯೆಯರು ಮೂವರೂ ಪಾಸಾದರು. ಪರೀಕ್ಷೆ ಮಾಡಲು ಬಂದ ಅಧಿಕಾರಿ ತನಗೂ ಸರಿಯಾಗಿ ಬರುವುದಿಲ್ಲವೆಂದು ಒಪ್ಪಿಕೊಂಡು ಚಿಕ್ಕಮ್ಮನ ಸ್ಕೂಲಿಗೇ ಸೇರಿದ.

("ಬೆಣ್ಣೆ ಸ್ವಲ್ಪ ಕಡಿಮೆ ಮಾಡು," ಎಂದರು ಚಿಕ್ಕಪ್ಪ. ಆದರೆ ಇನ್ನೊಂದು ಸಲ ಓದಿಸಿಕೊಂಡರು.)

ಮುಕ್ತಾಯ ಎರಡು: ಕಂಚು ಹಾಕಿದೆವು. ಕಾರು ಎಷ್ಟು ಮೆತ್ತಗಾಯಿತೆಂದರೆ, ಸ್ಟಾರ್ಟ್ ಆಗಿದ್ದೇ ಗೊತ್ತಾಗದೆ ಶಿಷ್ಯೆಯೊಬ್ಬಳು ಕೀ ತಿರುಗಿಸುತ್ತಲೇ ಇದ್ದಳು.

("ಅವಳು ಹಾಗೇ ಮಾಡೋದು!" ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.)

ಮುಕ್ತಾಯ ಮೂರು: ಇಬ್ಬರೂ ಪಟ್ಟು ಬಿಡಲಿಲ್ಲ. ಕಾರು ಬಿಚ್ಚಿದ್ದು ಬಿಚ್ಚಿದಂತೆಯೇ ಉಳಿಯಿತು. ಬಾನೆಟ್ಟಿನ ಮೇಲೆ ಕುಂಬಳದ ಬಳ್ಳಿ ಹಬ್ಬಿತು. ಚಿಕ್ಕಮ್ಮ ದಿನಾ ಬೆಳಿಗ್ಗೆ ಡ್ರೈವರ್ ಸೀಟಿನಲ್ಲಿ ಕೂತು ಟೀ ಕುಡಿದು ಇಳಿಯುತ್ತಿದ್ದಳು.

(ಇದನ್ನು ಯಾರಿಗೂ ತೋರಿಸಲಿಲ್ಲ. ಬಳ್ಳಿಯವರೆಗೆ ನಗು ಬಂತು. ಟೀ ಹತ್ತಿರ ನಿಂತುಹೋಯಿತು. ಹೊಡೆದುಹಾಕಿದೆ.)

7

ಪೆನ್ನನ್ನು ಕಿವಿಗೆ ಸಿಕ್ಕಿಸಿ ಶಾಫ್ಟಿನ ಮೂತಿ ಒರೆಸಲು ಹೋದೆ. ಚಿಕ್ಕಪ್ಪ ಆಗಲೇ ಬೇರಿಂಗನ್ನೂ ಸುತ್ತಿಗೆಯನ್ನೂ ಕೈಗೆ ತೆಗೆದುಕೊಂಡಿದ್ದರು. ಚಿಕ್ಕಮ್ಮ ವಾದದಲ್ಲಿ ಸೋತು ಮುಖ ಊದಿಸಿಕೊಂಡು ಟೈರಿನ ಮೇಲೆ ಕೂತಿದ್ದಳು. ಒರೆಸುವಾಗ ನನ್ನ ಉಗುರು ಎಲ್ಲೋ ತಡೆಯಿತು. ಇನ್ನೊಮ್ಮೆ ಎಳೆದೆ. ಮತ್ತೆ ತಡೆಯಿತು. ಮೂತಿಯ ಸುತ್ತ ಕೂದಲೆಳೆಯಷ್ಟು ಗೀರು.

ನೀಡಲ್ ಬೇರಿಂಗಿಗೆ ಕನ್ನಡಿಯಂಥ ಶಾಫ್ಟ್ ಬೇಕು. ಇದು ಚಿಕ್ಕಪ್ಪನೇ ಎಲ್ಲರಿಗೂ ಹೇಳುವ ಮಾತು. ಗೀರಿನ ಮೇಲೆ ಓಡಿದರೆ ಸೂಜಿಗಳು ಮುರಿಯುತ್ತವೆ, ಶಾಫ್ಟನ್ನೂ ಕೆಡಿಸುತ್ತವೆ.

ಕಥೆಯಲ್ಲಾದರೆ ಆ ಹುಡುಗಿ ಎದ್ದು ನಿಂತು "ನಿಲ್ಲಿಸಿ!" ಎನ್ನುತ್ತಾಳೆ. ಸುತ್ತಿಗೆ ಗಾಳಿಯಲ್ಲೇ ನಿಲ್ಲುತ್ತದೆ.

ಶೆಡ್ಡಿನಲ್ಲಿ ನಾನು "ಚಿಕ್ಕಪ್ಪ" ಎಂದೆ. ನನಗೇ ಕೇಳಿಸಲಿಲ್ಲ. ಸುತ್ತಿಗೆ ಮೇಲೆದ್ದಿತು. ನಾನು ಬೋಲ್ಟಿನ ತಟ್ಟೆ ಎತ್ತಿ ನೆಲಕ್ಕೆ ಬಿಟ್ಟೆ.

ಅಬ್ಬಾ, ಅದೆಂಥ ಸದ್ದು! ಬೋಲ್ಟುಗಳು ಕಾರಿನಡಿಗೆ, ಬೀರುವಿನಡಿಗೆ, ಚಿಕ್ಕಮ್ಮನ ಚಪ್ಪಲಿಯೊಳಕ್ಕೆ ಓಡಿದವು.

"ಏನಾಯ್ತೇ ಗುಬ್ಬಿ?" ಚಿಕ್ಕಪ್ಪ ಸುತ್ತಿಗೆ ಇಳಿಸಿ ನನ್ನ ಕಡೆ ತಿರುಗಿದರು.

"ಗೀರು," ಎಂದೆ.

"ಎಲ್ಲಿ?"

"ಶಾಫ್ಟಲ್ಲಿ. ಉಗುರಿಗೆ ಸಿಗುತ್ತೆ."

ಚಿಕ್ಕಪ್ಪ ಹೆಬ್ಬೆರಳು ಆಡಿಸಿದರು. "ಏನೂ ಇಲ್ವಲ್ಲ."

"ನಿಮ್ಮ ಬೆರಳು ಕಬ್ಬಿಣ ಆಗಿ ಎಷ್ಟು ಕಾಲ ಆಯ್ತು, ಆಚೆ ಸರೀರಿ," ಎಂದು ಚಿಕ್ಕಮ್ಮ ತನ್ನ ಉಗುರು ಎಳೆದಳು. ತಡೆಯಿತು. ಕಣ್ಣರಳಿಸಿದಳು. ಕಂಚಿನ ಬುಷ್ಷನ್ನು ಉಂಗುರದ ಹಾಗೆ ಬೆರಳಿಗೆ ತೊಟ್ಟು ಬೋಲ್ಟುಗಳ ನಡುವೆ ಒಂದು ಸುತ್ತು ಕುಣಿದಳು.

"ಕುಣೀಬೇಡ," ಎಂದರು ಚಿಕ್ಕಪ್ಪ. ಈ ಸಲ ತಮಾಷೆಗಲ್ಲ. "ಗೀರಿರೋ ಶಾಫ್ಟು ಕಂಚನ್ನೂ ತಿನ್ನುತ್ತೆ. ನುಣ್ಣನೆ ಎಮರಿ ಕಾಗದ ಹಿಡಿದು ತಿಕ್ತೀನಿ. ಒಂದು ವರ್ಷ ಬರ್ಬಹುದು. ಸೋಮವಾರಕ್ಕೇ ಕಿರುಚ್ಬಹುದು."

"ಹೊಸಾ ಶಾಫ್ಟ್ ಹಾಕಿದ್ರೆ?"

"ಅಷ್ಟರೊಳಗೆ ಯಾವ ಹೌದಪ್ಪನೂ ತರಿಸ್ಕೊಡಲ್ಲ ಕಣೇ."

ಚಿಕ್ಕಮ್ಮ ಉಂಗುರ ಕಳಚಿ ಅವರ ಅಂಗೈಯಲ್ಲಿಟ್ಟಳು.

8

(ಇಲ್ಲಿ ಕ್ಲೈಮ್ಯಾಕ್ಸ್ ಇರಬೇಕಿತ್ತು. ಬದಲಿಗೆ ಮೂವರೂ ಮಂಡಿಯೂರಿ ಬೋಲ್ಟು ಹುಡುಕಿದೆವು. ಕೊನೆಯದು ಚಪ್ಪಲಿಯಲ್ಲಿತ್ತು.)

ಬುಷ್ಷನ್ನು ಎಣ್ಣೆಯಲ್ಲಿ ನೆನೆಸಿದೆವು. ಸ್ವಲ್ಪ ಕುಗ್ಗಲಿ ಎಂದು ಫ್ರೀಜರಿನಲ್ಲಿ ಐಸ್ ಪಕ್ಕ ಇಟ್ಟೆವು. ಮೆಲ್ಲಗೆ ಬಡಿದು ಕೂರಿಸಿದೆವು. ಗೇರ್‌ಬಾಕ್ಸ್ ಏರಿತು, ಬೋಲ್ಟುಗಳು ಬಿಗಿಯಾದವು. ಚಿಕ್ಕಮ್ಮ ಸೀಟಿನಲ್ಲಿ ಕೂತು ಇಂಜಿನ್ ಸ್ಟಾರ್ಟ್ ಮಾಡಿದಳು. ಚಿಕ್ಕಪ್ಪ ಆ ಕಡೆ ಕಿವಿಗೊಟ್ಟು ಕುಕ್ಕರುಗಾಲಲ್ಲಿ ಕೂತರು, ನಾನು ಈ ಕಡೆ.

ಈಗ ನೀವು ಕೇಳುತ್ತೀರಿ: ಸದ್ದು ಬಂತೇ? ನನ್ನಲ್ಲಿ ಎರಡು ಸಾಲು ತಯಾರಿವೆ. ಒಂದರಲ್ಲಿ ಬರುತ್ತದೆ, ಒಂದರಲ್ಲಿ ಬರುವುದಿಲ್ಲ. ಎರಡೂ ಚೆನ್ನಾಗಿಯೇ ಇವೆ. ಯಾವುದನ್ನೂ ಬರೆಯಲಾರೆ. ಬಾಗಿಲು ತೆರೆದೇ ಇದೆ, ಚಿಕ್ಕಮ್ಮನ ಎಡಗಾಲು ನನಗೆ ಇಲ್ಲಿಂದ ಕಾಣುತ್ತಿದೆ. ಪೆಡಲಿನಿಂದ ಗೇಣುದ್ದ ಮೇಲೆ ನಿಂತುಬಿಟ್ಟಿದೆ. ಎರಡೂ ಕೈ ಸ್ಟೇರಿಂಗ್ ಹಿಡಿದಿವೆ, ಮೊದಲ ದಿನದ ಶಿಷ್ಯೆಯರು ಹಿಡಿಯುವ ಹಾಗೆ. ಇಂಜಿನ್ ಗುರುಗುಟ್ಟುತ್ತಿದೆ.

"ಚಿಕ್ಕಮ್ಮಾ," ಎಂದೆ, ಇಂಜಿನ್ನಿಗಿಂತ ಜೋರಾಗಿ, "ಒಂದ್ಸಲ ಕ್ಲಚ್ ಒತ್ತು."