ನಾಲ್ಕನೇ ಜ್ವರ

ರಾಗಿ ಮೆದೆ ಒಟ್ಟಿ ಮುಗಿದಿತ್ತು. ಹೊಲದ ಸಾಲುಗಳಲ್ಲಿ ಅವರೆಕಾಯಿ ಸೊಗಡು ಹಿಡಿಯುವ ಕಾಲ. ಮಾರ್ಗಶಿರದ ಚಳಿಗೆ ಟೇಕಲ್ ಬೆಟ್ಟದ ಬಂಡೆಗಳು ಬೆಳಕಾದರೂ ಮಂಜಿನಿಂದ ಹೊರಗೆ ಬಂದಿರಲಿಲ್ಲ. ಭಾರತಮ್ಮ ಹುಳುಮನೆಯಲ್ಲಿ ನಿಂತು, ತೆಳುಬಟ್ಟೆಯಲ್ಲಿ ಕಟ್ಟಿದ ಸುಣ್ಣದ ಪುಡಿಯನ್ನು ಕೊನೆಯ ತಟ್ಟೆಯ ಮೇಲೆ ಮೆಲ್ಲಗೆ ತಟ್ಟಿ ಉದುರಿಸುತ್ತಿದ್ದಳು. ರೇಷ್ಮೆಹುಳುಗಳು ಒಂದೂ ಅಲುಗುತ್ತಿರಲಿಲ್ಲ. ಎಲ್ಲವೂ ತಲೆ ಮೇಲಕ್ಕೆತ್ತಿ, ಯಾರೋ ಹೇಳಿದ್ದನ್ನು ಕೇಳಿಸಿಕೊಳ್ಳುವ ಹಾಗೆ ಸುಮ್ಮನೆ ಕೂತಿದ್ದವು.

ಮೊಟ್ಟೆಯೊಡೆದು ಬಂದ ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಹೀಗೆ ಊಟ ಬಿಟ್ಟು, ಪೊರೆ ಕಳಚಿ ಎದ್ದೇಳುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯದು, ಉಳಿದವಕ್ಕಿಂತ ದೀರ್ಘವಾದದ್ದು. ಅದರಿಂದ ಎದ್ದ ಮೇಲೆ ಒಂದು ವಾರ ಹಗಲು ರಾತ್ರಿಯೆನ್ನದೆ ಸೊಪ್ಪು ಸುರಿಯಬೇಕು. ಹುಳು ಸಾಕುವವರಿಗೆ ಬಿಡುವೆಂದು ಸಿಕ್ಕರೆ ಈ ಜ್ವರದ ದಿನ ಮಾತ್ರ.

"ಆಯ್ತೇನೇ? ರೈಲು ನಿನ್ ಹುಳಕ್ಕೆ ಕಾಯಲ್ಲ," ಎಂದ ಶ್ರೀರಾಮಪ್ಪ ಬಾಗಿಲಾಚೆಯಿಂದ. ಹೊಗೆಸೊಪ್ಪಿನ ನಾತ ಹುಳುವಿಗೆ ವಿಷ; ಬೀಡಿ ಸೇದುವವನಾದ್ದರಿಂದ ಅವನಿಗೆ ಒಳಗೆ ಪ್ರವೇಶವಿರಲಿಲ್ಲ.

"ಸಾಯಂಕಾಲಕ್ಕೆ ಎದ್ಬಿಟ್ರೆ?"

"ರಾತ್ರಿ ತಾನೇ ಜ್ವರಕ್ಕೆ ಕೂತಿರೋದು? ಚಳೀಲಿ ಇನ್ನೂ ತಡ ಆಗ್ತದೆ ಅಂತ ನೀನೇ ಅಂದೆಯಲ್ಲ. ರೈಲ್ವೆ ಪಾಸು ಡಿಸೆಂಬರ್ ಮುಗಿದ್ರೆ ಸತ್ತೋಗುತ್ತೆ ಕಣೇ. ನಮ್ ಸ್ಟೇಷನ್ನಿನವರು ಅದೇ ಪಾಸಲ್ಲಿ ರಾಮೇಶ್ವರ ನೋಡ್ಕೊಂಡ್ ಬಂದ್ರು. ನಾನು ಹೆಂಡ್ತೀನ ಗಣಿಯೂರಿಗೆ ಕರ್ಕೊಂಡ್ ಹೋಗ್ತೀನಿ ಅಂದ್ರೆ ನಗ್ತಾರೆ. ಅದೂ ಬೇಡ್ವಾ?"

ಅವನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಹಳಿ ಬದಲಾಯಿಸುವ ಪಾಯಿಂಟ್ಸ್‌ಮನ್. ಅಲ್ಲೇ ಕ್ವಾರ್ಟರ್ಸು ಸಿಗುತ್ತದೆ, ಬಂದುಬಿಡು ಎಂದು ವರ್ಷದಿಂದ ಹೇಳುತ್ತಿದ್ದ. ಅಣ್ಣತಮ್ಮಂದಿರು ಪಾಲಾದ ಮೇಲೆ ಭಾರತಮ್ಮ ತಾನಾಗಿ ಎರಡು ಬೆಳೆ ಹುಳು ಕಟ್ಟಿದ್ದಳು. ಎರಡೂ ಹೋಗಿದ್ದವು. "ಇದೊಂದು ನೋಡೋಣ. ಇದೂ ಹೋದ್ರೆ ಹಿಪ್ಪುನೇರಳೆ ಕಿತ್ತು ಅಣ್ಣನಿಗೆ ಗುತ್ತಿಗೆಗೆ ಬಿಟ್ಟು ನಡಿ," ಎಂದಿದ್ದ. ಅದು ಬೆದರಿಕೆಯಲ್ಲ, ಅವನು ಹಾಗೆ ಬೆದರಿಸುವ ಗಂಡನೂ ಅಲ್ಲ. ಆದ್ದರಿಂದಲೇ ಅವಳಿಗೆ ಹೆದರಿಕೆ ಹೆಚ್ಚು. ಕಾಲುದಾರಿಯ ಪಕ್ಕದ ಆ ತುಂಡು ತೋಟ, ಈ ತಟ್ಟೆಗಳು, ತಾನು ಬಾಗಿಲು ತೆರೆದರೆ ಮಾತ್ರ ತೆರೆಯುವ ಈ ಕೋಣೆ ಬಿಟ್ಟರೆ ತನಗೆಂದು ಏನೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು.

ಅತ್ತೆ ಆವಲಮ್ಮ ಜಗುಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ಕಣ್ಣಿಗೆ ಪೊರೆ ಬಂದು ಮುಖಗಳು ಮಸುಕಾಗಿದ್ದರೂ ಕಿವಿ ಚುರುಕು. "ಹೋಗ್ ಬಾರೇ. ಯಾರನ್ನೂ ಒಳಕ್ ಬಿಡಲ್ಲ," ಎಂದಳು.

ಅಂಗಳದ ನಡುವೆ ಎಬ್ಬಿಸಿದ ಮೋಟು ಮಣ್ಣುಗೋಡೆಯಾಚೆ ವಾರಗಿತ್ತಿ, ಶ್ರೀರಾಮಪ್ಪನ ಅಣ್ಣನ ಹೆಂಡತಿ ಮುನಿಶಾಮಮ್ಮ ಸಗಣಿ ತಟ್ಟುತ್ತಿದ್ದಳು. ತಲೆಯೆತ್ತಿ ಹೊಸ ಸೀರೆ ನೋಡಿ ಮತ್ತೆ ಬಗ್ಗಿದಳು. ದೀಪಾವಳಿಯ ಬೆಳೆಯಲ್ಲಿ, ಹುಳು ಇನ್ನೇನು ಹಣ್ಣಾಗಿ ಗೂಡಿಗೆ ಏರಬೇಕು ಎನ್ನುವ ದಿನ, ಮುನಿಶಾಮಮ್ಮನಿಗೆ ಸೊಪ್ಪು ಸಾಲದೆ ಹೋಗಿತ್ತು. ಇದೇ ಗೋಡೆಗೆ ಬಂದು ಎರಡು ಹೊರೆ ಕೇಳಿದ್ದಳು. "ನಮಗೇ ಸಾಲಲ್ಲ ಅಕ್ಕ," ಎಂದು ಭಾರತಮ್ಮ ಬಾಗಿಲು ಹಾಕಿಕೊಂಡಿದ್ದಳು. ಹಸಿದ ಹುಳು ಕಟ್ಟಿದ ಗೂಡು ಈರುಳ್ಳಿ ಸಿಪ್ಪೆಯಷ್ಟು ತೆಳು. ಮರುದಿನವೇ ಭಾರತಮ್ಮನ ಹುಳುಗಳಿಗೆ ಹಾಲುತೊಂಡೆ ರೋಗ ಬಂದು ಎಲ್ಲವನ್ನೂ ಗುಂಡಿಗೆ ಸುರಿದಾಗ, ಉಳಿಸಿಕೊಂಡ ಸೊಪ್ಪನ್ನು ದನ ತಿಂದವು. ಅದನ್ನು ಮುನಿಶಾಮಮ್ಮ ಗೋಡೆಯಾಚೆಯಿಂದ ನೋಡಿದ್ದಳು. ಅಂದಿನಿಂದ ಮಾತಿಲ್ಲ. ಈ ಸಲ ಅವಳು ಮೊಟ್ಟೆಯನ್ನೂ ತಂದಿರಲಿಲ್ಲ.

ಬಂಗಾರಪೇಟೆಯಲ್ಲಿ ರೈಲು ಬದಲಾಯಿಸಿ ಗಣಿಯೂರಿಗೆ ಬಂದಾಗ ಬಿಸಿಲು ಹಿತವಾಗಿತ್ತು. ಕ್ರಿಸ್‌ಮಸ್ಸಿಗೆ ಎರಡು ಮೂರು ದಿನ ಉಳಿದಿತ್ತು. ಮನೆಮನೆಯ ಸೂರಿಗೂ ಬಣ್ಣದ ಕಾಗದದ ನಕ್ಷತ್ರಗಳು. ಕ್ಲಬ್ಬಿನ ಪಾರ್ಕಿನಲ್ಲಂತೂ ಕಾಲಿಡಲು ಜಾಗವಿರಲಿಲ್ಲ. ಮಕ್ಕಳ ರೈಲು, ಕುದುರೆ ತಿರುಗಣಿ, ಬೇಲಿಗಿಂತ ಎತ್ತರವಾಗಿ ತಿರುಗುವ ರಂಕಲರಾಟ್ನ. ಒಂದು ದೊಡ್ಡ ಸರ್ವೆಮರಕ್ಕೆ ಬುಡದಿಂದ ತುದಿಯವರೆಗೆ ಹತ್ತಿ ಅಂಟಿಸಿದ್ದರು.

"ಏನಿದು, ಮರಾನೇ ಗೂಡು ಕಟ್ಟೈತೆ!" ಎಂದಳು ಭಾರತಮ್ಮ.

"ಅದು ಹಿಮ ಅಂತೆ ಕಣೇ. ಬಿಳಿ ದೊರೆಗಳ ದೇಸದಲ್ಲಿ ಬೀಳ್ತದಂತೆ."

ಹುಲ್ಲಿನ ಗುಡಿಸಲೊಳಗೆ ಮಣ್ಣಿನ ಕುರಿ, ದನ, ನಡುವೆ ಹುಲ್ಲಿನ ಮೇಲೆ ಮಲಗಿಸಿದ ಕೂಸು, ಪಕ್ಕದಲ್ಲಿ ತಾಯಿ. ಭಾರತಮ್ಮ ಬಗ್ಗಿ ನೋಡಿ, "ಈ ಚಳೀಲಿ ಬಾಣಂತೀನ ಕೊಟ್ಟಿಗೇಲಿ ಮಡಗವ್ರಲ್ಲ, ಇವರ ಮನೇಲಿ ಹೆಂಗಸ್ರೇ ಇರಲಿಲ್ವಾ?" ಎಂದಳು. ಶ್ರೀರಾಮಪ್ಪ ಜೋರಾಗಿ ನಕ್ಕ. ಕೆಂಪು ನಿಲುವಂಗಿಯ ಗಡ್ಡದ ತಾತನೊಬ್ಬ ಬಂದು ಇಬ್ಬರ ಕೈಗೂ ಪೆಪ್ಪರಮಿಂಟು ಹಾಕಿ ಹೋದ.

ಅವನು ನಗುತ್ತಿದ್ದ, ಅವಳು ಬಿಸಿಲು ನೋಡುತ್ತಿದ್ದಳು. ನೆರಳು ಎಲ್ಲಿಗೆ ಬಂತು, ರೈಲು ತಪ್ಪಿದರೆ ಮತ್ತೊಂದು ಇದೆಯೇ, ಒಳಗೆ ಒಂದು ಹುಳು ಮೊದಲೇ ಎದ್ದು ಸೊಪ್ಪಿಲ್ಲದೆ ತಟ್ಟೆಯ ಅಂಚಿಗೆ ಹರಿದು ಬರುತ್ತಿದೆಯೇ. ಬೀಡಿ ಹಚ್ಚಿದವರು ಪಕ್ಕಕ್ಕೆ ಬಂದರೆ ಸೆರಗು ಎಳೆದುಕೊಂಡು ಸರಿಯುತ್ತಿದ್ದಳು.

ರಾಟ್ನದ ಪಕ್ಕದಲ್ಲಿ ಗುಲಾಬಿ ಮಡಿಗಳು. ಕೆಂಪಗೆ, ಹಿಡಿಗಾತ್ರದ ಹೂಗಳು. ಶ್ರೀರಾಮಪ್ಪ ಅತ್ತಿತ್ತ ನೋಡಿ ಒಂದನ್ನು ಕಿತ್ತ.

"ಬೇಡಿ. ಹೂವಿನ ವಾಸನೆ ಹುಳಕ್ಕಾಗಲ್ಲ."

"ಮನೆಗೆ ಹೋಗೋವಾಗ ತೆಗೆದು ಬಿಸಾಕು. ಹುಳ ಇಲ್ಲಿಗೆ ಬಂದು ಮೂಸ್ತದಾ?" ಎಂದು ಅವನೇ ಅವಳ ತುರುಬಿಗೆ ಸಿಕ್ಕಿಸಿದ. ಮದುವೆಯಾಗಿ ಆರು ವರ್ಷಕ್ಕೆ ಮೊದಲ ಸಲ. ಜನರೆದುರಿಗೆ! ಅವಳು ನಾಚಿ ಕೈಯೆತ್ತಿ ಹೂವನ್ನು ಮುಟ್ಟಿ ಮುಟ್ಟಿ ಸರಿಮಾಡಿಕೊಂಡಳು.

ರಾಟ್ನ ಮೊದಲ ಸುತ್ತಿಗೆ ಮೇಲೇರಿದಾಗ ಅವಳು ಕಣ್ಣು ಮುಚ್ಚಿ, ಕುಲದೇವರನ್ನೆಲ್ಲ ಕರೆದಳು. "ಕರೆಂಟು ಹೋದ್ರೆ?" ಎಂದಳು. "ಹೋದ್ರೆ ಇಲ್ಲೇ ಸಂಸಾರ," ಎಂದ ಅವನು. ಆ ಮಾತಿಗೆ ನಗು ಬಂದು ಕಣ್ಣು ಬಿಟ್ಟುಬಿಟ್ಟಳು. ಬಿಟ್ಟ ಮೇಲೆ ಮುಚ್ಚಲಿಲ್ಲ. ಇಳಿಯುವವರೆಗೂ ಹುಳುಗಳ ನೆನಪೇ ಬಂದಿರಲಿಲ್ಲ.

ಬೇಲಿಯ ಪಕ್ಕ ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚುವಾಗ, ತೋಟದ ಮಾಲಿ ಪೆದ್ದಪ್ಪ ನೀರಿನ ಕ್ಯಾನು ಹಿಡಿದು ಬಂದವನು ಅವಳ ತಲೆ ನೋಡಿ ನಿಂತ.

"ಅಯ್ಯೋ ತಲ್ಲೀ, ಆ ಪುವ್ವು ಎಕ್ಕಡಿದಿ? ಮುಟ್ಟೊದ್ದು! ಪೊದ್ದುನೇ ಮಂದು ಕೊಟ್ಟಿನಾಮು." ತೆಲುಗಿನಲ್ಲಿ ಹೇಳಿದ್ದು ಸಾಲದೆಂದು ಕನ್ನಡದಲ್ಲೂ ಹೇಳಿದ: "ಬೆಳಿಗ್ಗೆ ಹುಳಾ ಹೊಡಿಯೋ ಮದ್ದು ಹಾಕಿದೀನಮ್ಮ. ಕೈ ತೊಳ್ಕೊಂಡು ಊಟ ಮಾಡು."

ಭಾರತಮ್ಮನ ಕೈಯಲ್ಲಿದ್ದ ಮುದ್ದೆ ಬಟ್ಟೆಯ ಮೇಲೆ ಬಿತ್ತು.

ಪಕ್ಕದ ಊರಿನ ನರಸಿಂಹಪ್ಪ ಹೋದ ವರ್ಷ ಟೊಮೇಟೊ ಗಿಡಕ್ಕೆ ಮದ್ದು ಹೊಡೆದು, ಮಿಂದು, ಬಟ್ಟೆ ಬದಲಾಯಿಸಿ, ಹುಳುಗಳಿಗೆ ಸೊಪ್ಪು ಹಾಕಿದ್ದ. ಬೆಳಗಾಗುವುದರೊಳಗೆ ಮನೆ ತುಂಬ ಹುಳುಗಳು ಹೊರಳಾಡಿ, ಹಸಿರಾಗಿ ಕಕ್ಕಿಕೊಂಡು ಸತ್ತಿದ್ದವು. ಅವಳೇ ಹೋಗಿ ನೋಡಿ ಬಂದಿದ್ದಳು. ಆ ವಾಸನೆ ಇನ್ನೂ ಮೂಗಿನಲ್ಲಿತ್ತು.

ನಲ್ಲಿಯ ಕೆಳಗೆ ಕೈಗಳನ್ನು ಉಜ್ಜಿದಳು, ಮಣ್ಣು ಹಾಕಿ ಉಜ್ಜಿದಳು. ಹೂವನ್ನು ಕಿತ್ತೆಸೆದಳು. ಕೂದಲು, ರವಿಕೆ, ಸೆರಗು ಎಲ್ಲೆಲ್ಲಿ ಕೈ ಮುಟ್ಟಿತ್ತೋ ನೆನಪಾಗಲಿಲ್ಲ.

"ಮಿಂದ್ರೆ ಹೋಗ್ತದೆ ಬಾರೇ," ಎಂದ ಶ್ರೀರಾಮಪ್ಪ. ದನಿಯಲ್ಲಿ ನಗುವಿರಲಿಲ್ಲ.

"ನರಸಿಂಹಪ್ಪನೂ ಮಿಂದಿದ್ದ."

ರೈಲಿನಲ್ಲಿ ಅವಳು ಬಾಗಿಲ ಬಳಿ, ಎರಡೂ ಕೈಗಳನ್ನು ಮೈಗೆ ತಾಗದಂತೆ ಮುಂದಕ್ಕೆ ಚಾಚಿ ಕೂತಿದ್ದಳು. ಎದುರಿಗಿದ್ದ ಮುದುಕಿ, "ಕೈ ಸುಟ್ಕೊಂಡ್ಯಾ ಮಗಾ?" ಎಂದು ಕೇಳಿದಳು. ಇವಳು ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಮುದುಕಿಗೆ ತಿಳಿಯಲಿಲ್ಲ.

ಊರು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಜಗುಲಿಯಿಂದಲೇ ಆವಲಮ್ಮ ಕೂಗಿದಳು. "ಬಂದ್ಯೇನೇ? ಎದ್ದವೆ ಕಣೇ ಎಲ್ಲಾ. ಬಾಗ್ಲಿಗೆ ಕಿವಿ ಕೊಟ್ರೆ ಕೇಳಿಸ್ತದೆ, ಸೊಪ್ಪಿಗೆ ಹರಿದಾಡ್ತಾವೆ. ನಾನು ಹಾಕಾಣಾ ಅಂದ್ರೆ ಕಣ್ಣು ಕಾಣಲ್ಲ, ತಟ್ಟೆ ಮಗುಚಿದ್ರೆ?"

ಭಾರತಮ್ಮ ಹಿತ್ತಲಲ್ಲಿ ತಣ್ಣೀರು ಸುರಿದುಕೊಂಡಳು. ಸೀಗೆಪುಡಿ, ಬೂದಿ, ಮತ್ತೆ ಸೀಗೆಪುಡಿ. ಹಳೆಯ ಸೀರೆ ಸುತ್ತಿ ಹುಳುಮನೆಯ ಬಾಗಿಲಿಗೆ ಬಂದು ಚಿಲಕಕ್ಕೆ ಕೈ ಹಾಕಿದಳು. ಹಾಕಿದ ಕೈಯನ್ನು ಮೂಗಿಗೆ ಹಿಡಿದಳು. ಸೀಗೆಯ ವಾಸನೆ. ಅದರ ಕೆಳಗೆ ಬೇರೆ ಏನೋ ಇತ್ತೋ, ಇರಲಿಲ್ಲವೋ. ಒಳಗೆ ಒದ್ದೆ ಗೋಣಿಯ ಕೆಳಗೆ ಸೊಪ್ಪು ಸಿದ್ಧವಾಗಿತ್ತು. ಕಿಟಕಿಯಿಂದ ನೋಡಿದರೆ ಮೇಲಿನ ತಟ್ಟೆಯ ಹುಳುಗಳು, ಹೊಸ ಚರ್ಮ ಇನ್ನೂ ಸುಕ್ಕುಸುಕ್ಕಾಗಿ, ತಲೆಯನ್ನು ಅತ್ತಿತ್ತ ಆಡಿಸುತ್ತಿದ್ದವು. ಒಂದು ತಟ್ಟೆಯ ಅಂಚು ದಾಟಿ ತೂಗುತ್ತಿತ್ತು.

ಅವಳಿಂದ ಚಿಲಕ ತೆಗೆಯಲಾಗಲಿಲ್ಲ.

"ನಾನು ಹಾಕ್ಲಾ?" ಎಂದ ಶ್ರೀರಾಮಪ್ಪ. ಹೂವು ಕಿತ್ತದ್ದು ತಾನೇ ಎಂದು ನೆನಪಾಗಿ ತಾನೇ ಹಿಂದೆ ಸರಿದು ನಿಂತ.

ಮಣ್ಣುಗೋಡೆಯವರೆಗೆ ಹತ್ತು ಮಾರು ಇರಲಿಕ್ಕಿಲ್ಲ. ರಾಟ್ನದ ಮೇಲೆ ಆದದ್ದು ಹೆದರಿಕೆಯೇ ಅಲ್ಲ ಎಂದು ಅವಳಿಗೆ ಈಗ ಅನ್ನಿಸಿತು. ಒದ್ದೆ ಕೂದಲಿನಿಂದ ಬೆನ್ನಿಗೆ ನೀರು ಇಳಿಯುತ್ತಿತ್ತು. ಆಚೆ ಮುನಿಶಾಮಮ್ಮ ಒಲೆಗೆ ಪುಳ್ಳೆ ಮುರಿಯುತ್ತಿದ್ದಳು.

"ಅಕ್ಕ."

ಪುಳ್ಳೆ ಮುರಿಯುವ ಸದ್ದು ನಿಲ್ಲಲಿಲ್ಲ.

"ಅಕ್ಕ, ನನ್ ಮೈಗೆ ಮದ್ದು ತಾಗೈತೆ. ಪಾರ್ಕಲ್ಲಿ. ಹೂವಿಗೆ ಹೊಡೆದಿದ್ರು, ಗೊತ್ತಾಗ್ಲಿಲ್ಲ. ಹುಳ ಎದ್ದವೆ. ನಾನು ಒಳಕ್ ಹೋಗಂಗಿಲ್ಲ."

ಮುನಿಶಾಮಮ್ಮ ಎದ್ದು ನಿಂತಳು. "ಹೂವ ಮುಡ್ಕೊಂಡ್ಯಾ? ಹುಳ ಜ್ವರಕ್ ಮಲಗಿಸ್ಬಿಟ್ಟು ಹೂವಾ?"

"ಹೂಂ."

"ನನ್ ಹುಳ ಬಾಯ್ ಬಾಯ್ ಬಿಡ್ತಿದ್ದಾಗ ಇದೇ ಜಾಗದಲ್ಲಿ ನಿಂತಿದ್ದೆ ಕಣೇ ನಾನು. ನೀನು ಬಾಗ್ಲು ಹಾಕ್ಕೊಂಡೆ. ನಿನ್ ಹಸು ತಿಂತು ನನ್ ಸೊಪ್ಪ."

ಭಾರತಮ್ಮನಿಗೆ ಕೈ ಮುಗಿಯಬೇಕೆನ್ನಿಸಿತು. ಒಂದಕ್ಕೊಂದು ತಾಗಿಸಲೂ ಹೆದರಿ ಕೈಗಳನ್ನು ಹಾಗೆಯೇ ಹಿಡಿದುಕೊಂಡಿದ್ದಳು.

ಮುನಿಶಾಮಮ್ಮ ಆ ಕೈಗಳನ್ನು ನೋಡಿದಳು. ಬೆನ್ನು ತಿರುಗಿಸಿ ಹೋದಳು. ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು. ಭಾರತಮ್ಮ ಗೋಡೆಗೆ ಹಣೆ ಆನಿಸಿ ನಿಂತಳು. ನಾಳೆ ಗುಂಡಿ ತೋಡಬೇಕು. ಆಮೇಲೆ ಬಂಗಾರಪೇಟೆ. ತೋಟದ ಬೇರುಗಳನ್ನು ಭಾವ ಅಗೆಸುವಾಗ ನೋಡಲು ತಾನಿರುವುದಿಲ್ಲ, ಅದೊಂದು ಪುಣ್ಯ.

ಆಗ ಆ ಕಡೆಯ ಹಿತ್ತಲಲ್ಲಿ ಬಿಂದಿಗೆಯ ನೀರು ಮೈಮೇಲೆ ಬಿದ್ದ ಸದ್ದು ಕೇಳಿಸಿತು. ಚಳಿಗೆ "ಹಾ" ಎಂದ ದನಿ. ಮತ್ತೆ ಇನ್ನೊಂದು ಬಿಂದಿಗೆ.

ಒದ್ದೆ ಕೂದಲಿಗೆ ಬಟ್ಟೆ ಕಟ್ಟಿಕೊಂಡು ಮುನಿಶಾಮಮ್ಮ ಗೋಡೆ ಸುತ್ತಿ ಬಂದಳು. "ದೂರ ನಿಂತ್ಕೊಳೇ. ಲೋ ಶ್ರೀರಾಮ, ನೀನು ಇನ್ನೂ ದೂರ. ಈ ಬಾಗ್ಲ ಹತ್ರ ಬಂದ್ರೆ ಇಬ್ಬರ ಕಾಲೂ ಮುರೀತೀನಿ." ಚಿಲಕವನ್ನೂ ತೊಳೆದು ತೆಗೆದಳು. "ಎಷ್ಟು ತಟ್ಟೆ? ದೀಪ ಎಲ್ಲೈತೆ?"

"ಗೋಡೆ ಗೂಡಲ್ಲಿ. ಅಕ್ಕ, ಕೆಳಗಿನ ಸಾಲು ಇನ್ನೂ ಪೂರ್ತಿ ಎದ್ದಿರಲ್ಲ, ಅದಕ್ಕೆ ಆಮೇಲೆ..."

"ನಿನಗೆ ಹುಳ ಕಟ್ಟೋದ್ ಕಲಿಸಿದ್ಯಾರೇ?"

ಭಾರತಮ್ಮ ಕಿಟಕಿಯಿಂದ ಆಚೆ, ಹುಣಸೆಮರದ ಬುಡದ ಕಲ್ಲಿನ ಮೇಲೆ ಕೂತಳು. ಒಳಗೆ ದೀಪ ಅತ್ತಿಂದಿತ್ತ ಓಡಾಡಿತು. ಗೋಣಿ ಸರಿಸಿದ ಸದ್ದು, ಸೊಪ್ಪು ಉದುರಿಸಿದ ಸದ್ದು. ಆಮೇಲೆ ಏನೂ ಇಲ್ಲ. ಅವಳು ಉಸಿರು ಹಿಡಿದಳು. ಏನೂ ಇಲ್ಲ.

"ಅಕ್ಕ, ತಿಂತಾವಾ?"

ಬಹಳ ಹೊತ್ತಿನ ಮೇಲೆ, ಮೊದಲು ಒಂದು ಮೂಲೆಯಿಂದ, ಒಣಗಿದ ಎಲೆಯ ಮೇಲೆ ಹನಿ ಬಿದ್ದಂತೆ ಸಣ್ಣಗೆ ಮೇಯುವ ಸದ್ದು ಕೇಳಿಸಿತು.

"ಅಕ್ಕ, ಅವತ್ತಿನ ಸೊಪ್ಪು ನಾನು..."

"ಅದನ್ನ ಎತ್ತಬೇಡ," ಎಂದಳು ಮುನಿಶಾಮಮ್ಮ ಒಳಗಿನಿಂದ. "ಅದು ಹಂಗೇ ಇರ್ಲಿ. ತೀರ್ಸೋ ಅಂಥದ್ದಲ್ಲ."

ಶ್ರೀರಾಮಪ್ಪ ಎಲ್ಲೋ ಕತ್ತಲಲ್ಲಿ ಕೆಮ್ಮಿದ. ಬೀಡಿ ಹಚ್ಚಿರಲಿಲ್ಲ. ಆವಲಮ್ಮ ಜಗುಲಿಯಲ್ಲಿ ತೂಕಡಿಸುತ್ತಿದ್ದಳು. ಇನ್ನೊಂದು ತಟ್ಟೆಗೆ ಸೊಪ್ಪು ಬಿತ್ತು.

"ರಾಟ್ನ ಹತ್ತಿದ್ಯಾ?"

ಪ್ರಶ್ನೆ ತನಗೇ ಎಂದು ಭಾರತಮ್ಮನಿಗೆ ತಕ್ಷಣ ತಿಳಿಯಲಿಲ್ಲ. "ಹತ್ತಿದ್ದೆ ಅಕ್ಕ."

"ಭಯ ಆಗ್ಲಿಲ್ವಾ?"

"ಆಯ್ತು."

"ಮೇಲಕ್ ಹೋದಾಗ ಏನ್ ಕಾಣ್ತದೇ ಅಲ್ಲಿ?"

ಭಾರತಮ್ಮನ ಕಿವಿ ತಟ್ಟೆಗಳ ಕಡೆಗೇ ಇತ್ತು.

"ಹೇಳೇ. ಬಾಯಿಗೂ ಮದ್ದು ಹೊಡ್ದವ್ರಾ?"

ಭಾರತಮ್ಮ ಹೇಳತೊಡಗಿದಳು. ಮನೆಗಳ ಸೂರುಗಳು, ಸೂರಿಗೊಂದು ನಕ್ಷತ್ರ, ಬೆಂಕಿಪೊಟ್ಟಣದಷ್ಟಾದ ರೈಲು. ನಡುನಡುವೆ ಮಾತು ನಿಲ್ಲಿಸಿ ಆಲಿಸುತ್ತಿದ್ದಳು. ಒಳಗೆ ಸದ್ದು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹಬ್ಬುತ್ತಿತ್ತು. ಅವಳು ನಿಲ್ಲಿಸಿದಾಗಲೆಲ್ಲ ದೀಪವೂ ನಿಲ್ಲುತ್ತಿತ್ತು. ಒಳಗಿನಿಂದ "ಹೂಂ, ಆಮೇಲೆ?" ಎಂಬ ದನಿ ಕೇಳಿಸುತ್ತಿತ್ತು.