ಹೋನರ್ ಅಜ್ಜಿಯ ಬಟ್ಟೆಯ ಮೇಲೆ ನನ್ನ ಹೆಜ್ಜೆ

ನ್ಯಾಯಾಧೀಶರ ಬಿಳಿ ಕೂದಲ ಟೋಪಿಯ ಮೇಲೆ ಒಂದು ನೊಣ, ಹತ್ತುತ್ತಿದೆ, ಜಾರುತ್ತಿದೆ, ಮತ್ತೆ ಹತ್ತುತ್ತಿದೆ — ಆಸ್ಟ್ರೇಲಿಯಾದಲ್ಲೂ ನೊಣ ಇದ್ದೀತೆ, ಇದ್ದರೆ ಅದಕ್ಕೂ ಜೂನ್ ತಿಂಗಳಲ್ಲೇ ಚಳಿಯಾದೀತೆ, ನನ್ನ ಗಂಡ ಫಿಂಟನ್ ಅಲ್ಲಿಂದ ಬರೆಸಿದ ಕಾಗದವನ್ನು ಪಾದ್ರಿ ಓದಿ ಹೇಳಿದ್ದರು, ಇಲ್ಲಿ ಎಲ್ಲ ತಿರುಗುಮುರುಗು ಕಣೇ ಸೋರ್ಚಾ, ಮರ ಎಲೆ ಉದುರಿಸಲ್ಲ, ತೊಗಟೆ ಉದುರಿಸ್ತದೆ. ತೊಗಟೆ ಕಳಚಿದ ಮರಕ್ಕೆ ನಾಚಿಕೆಯಾಗುವುದಿಲ್ಲವೇ, ಮಣ್ಣು ಕೆಂಪಂತೆ, ನನ್ನ ಹೆಜ್ಜೆ ಅದರಲ್ಲಿ ಹೇಗೆ ಮೂಡೀತು, ನನ್ನ ಸೊಟ್ಟ ಕಿರುಬೆರಳು ನೋಡಿ ಫಿಂಟನ್ ನಗುತ್ತಿದ್ದ, ನೂರು ಹೆಂಗಸರ ಹೆಜ್ಜೇಲೂ ನಿಂದು ಹುಡುಕ್ತೀನಿ ಅನ್ನುತ್ತಿದ್ದ — ಒಂದು ಕುರಿ ಕದ್ದದ್ದಕ್ಕೆ ಅವನಿಗೆ ಆಸ್ಟ್ರೇಲಿಯಾಕ್ಕೆ ಜೀವಾವಧಿ ಗಡೀಪಾರು, ಇನ್ನು ಬರುವವನಲ್ಲ, ನಾನೇ ಹೋಗಬೇಕು, ಹಡಗಿನ ಬಾಡಿಗೆ ಕನಸಲ್ಲೂ ಕಾಣಲಾರೆ, ಕಳ್ಳಿಯಾದರೆ ದೊರೆಯೇ ಪುಕ್ಕಟೆ ಕಳಿಸುತ್ತಾನೆ. ಬಿಳುಪಾಗಲೆಂದು ಹುಲ್ಲಿನ ಮೇಲೆ ಹಾಸಿದ ಬಟ್ಟೆ ಕದ್ದರೆ ಗಡೀಪಾರು ತಪ್ಪದು ಎಂದು ಊರಿಗೆಲ್ಲ ಗೊತ್ತು, ಅದಕ್ಕೇ ಹೋನರ್ ಅಜ್ಜಿಯ ಲಿನನ್ ಥಾನು, ಹಾಡಹಗಲಲ್ಲೇ, ಸಾಕ್ಷಿಗಿರಲಿ ಎಂದು ಕೆಸರು ಕಾಲನ್ನು ಅದರ ಮೇಲೆ ಊರಿದೆ, ಐದು ಬೆರಳೂ ಮೂಡಿದವು, ಹೆಗಲ ಮೇಲೆ ಹಾಕಿಕೊಂಡು ಕಾವಲುಗಾರನ ಮುಂದೆಯೇ ನಡೆದೆ, ಅವನೋ ಹೇಗಿದ್ದೀಯಮ್ಮ ಅಂದ, ನಾನೇ ನಿಂತು ಕದ್ದಿದ್ದೀನಪ್ಪ, ಹಿಡ್ಕೋ ಅಂದೆ.

ಈಗ ಅಜ್ಜಿ ಸಾಕ್ಷಿ ಕಟಕಟೆಯಲ್ಲಿ, ಬಟ್ಟೆ ಅವಳ ಕಂಕುಳಲ್ಲಿ, ಕಾವಲುಗಾರ ಅವಳ ಕೈಗೇ ಕೊಟ್ಟಿದ್ದ, ಇಷ್ಟು ದಿನ ಅವಳ ಮನೆಯಲ್ಲೇ ಇತ್ತು — ಸ್ವಾಮಿ, ಇದನ್ನ ಒಗೆಯೋಕೆ ನಾನೇ ಕೊಟ್ಟಿದ್ದು, ಗಂಡ ಹೋದಾಗಿಂದ ಈ ಹುಡುಗಿಗೆ ತಲೆ ಸರಿಯಿಲ್ಲ, ಕಳ್ಳಿ ಕಳ್ಳಿ ಅಂತ ತನ್ನನ್ನೇ ಬೈಕೋತಾಳೆ. ಅಯ್ಯೋ ಅಜ್ಜಿ, ಬೇಡ, ನಿನ್ನ ಕನಿಕರಕ್ಕೆ ಬೆಂಕಿ ಬೀಳ, ಸುಳ್ಳು ಸ್ವಾಮಿ, ಕದ್ದವಳು ನಾನೇ, ನನ್ನ ಕಾಲಿನ ಗುರುತಿದೆ ನೋಡಿ ಎಂದು ಕೂಗಿಕೊಳ್ಳುತ್ತಿದ್ದೇನೆ, ಬಿಚ್ಚಿ ಎನ್ನುತ್ತಾರೆ ನ್ಯಾಯಾಧೀಶರು, ನೊಣ ಹಾರಿತು, ಬಟ್ಟೆ ಉರುಳುತ್ತಿದೆ, ಒಂದು ಮಡಿಕೆ, ಎರಡು ಮಡಿಕೆ, ಇನ್ನೇನು ಬಂತು, ಇಲ್ಲೇ ಇತ್ತು, ಹಿಮ್ಮಡಿ ಇಲ್ಲಿ, ಬೆರಳು ಅಲ್ಲಿ — ಅಜ್ಜಿ ನನ್ನತ್ತ ಬಗ್ಗಿ ಪಿಸುಗುಟ್ಟುತ್ತಾಳೆ, ಬೊಚ್ಚುಬಾಯಿ ತುಂಬ ನಗು, ಮೂರು ದಿನ ಉಜ್ಜಿದೆ ಮಗಳೇ, ಮನೆಗೆ ಹೋಗು. ಬಟ್ಟೆ ನೆಲ ಮುಟ್ಟಿತು, ಇಷ್ಟುದ್ದ, ಅಷ್ಟೂ ಬಿಳಿ, ಕಿರುಬೆರಳಾದರೂ, ಆ ಸೊಟ್ಟ ಕಿರುಬೆರಳಾದರೂ — ಬಿಳಿ, ಬಿಳಿ, ಬಿಳಿ