ಕಿವಿನೋವಿನ ಚೀಟಿ

ಮಗಳ ಶಾಲೆಯ ಊಟದ ಕೋಣೆಗೆ ಒಂದು ನಿಯಮವಿದೆ. ತಿಂಗಳ ಮೊದಲ ಸೋಮವಾರ ಯಾರು ಎಲ್ಲಿ ಕೂರುತ್ತಾರೋ ಆ ತಿಂಗಳು ಪೂರ್ತಿ ಅದೇ ಅವರ ಜಾಗ. ಮಕ್ಕಳು ಹೆಚ್ಚು, ಕೋಣೆ ಚಿಕ್ಕದು. ಆರು ಜನರ ಬೆಂಚಿನ ಮೇಲೆ ಎಂಟು ನಂಬರು ಬರೆದಿದ್ದಾರೆ. ಪಟ್ಟಿ ಹಿಡಿದುಕೊಂಡು ಮೇಜುಗಳ ನಡುವೆ ಓಡಾಡುವ ಹೆಂಗಸಿಗೆ ಮಕ್ಕಳು ಇಟ್ಟ ಹೆಸರು ಸೀಟಮ್ಮ.

ಈ ತಿಂಗಳ ಮೊದಲ ಸೋಮವಾರ ನನ್ನ ಮಗಳಿಗೆ ಜ್ವರ. ಮಂಗಳವಾರ ಹೋಗಿ ನೋಡಿದರೆ, ಎರಡು ವರ್ಷದಿಂದ ಜೊತೆಗೇ ಊಟ ಮಾಡುತ್ತಿದ್ದ ಗೆಳತಿಯ ಪಕ್ಕದಲ್ಲಿ ಹೊಸದಾಗಿ ಸೇರಿದ ಹುಡುಗಿ ಕೂತಿದ್ದಳು. ಮಗಳಿಗೆ ಉಳಿದದ್ದು ಕೈ ತೊಳೆಯುವ ನಲ್ಲಿಗಳ ಹತ್ತಿರದ ಕೊನೆಯ ಮೇಜು, ಫ್ಯಾನಿನ ಕೆಳಗೆ.

ಗೆಳತಿಯದು ಗುಂಗುರು ಕೂದಲು, ಅದಕ್ಕೇ ಅವಳನ್ನು ನಾವು ಗುಂಗುರಿ ಎನ್ನುತ್ತೇವೆ. ಹೊಸಬಳಿಗೆ ಮಗಳು ಅವತ್ತು ಸಂಜೆಯೇ ಹೆಸರಿಟ್ಟಳು.

"ಏಣಿ. ಅಷ್ಟುದ್ದ ಇದಾಳೆ. ಉಣ್ಣೋವಾಗ ಮೊಣಕೈ ಪಕ್ಕದ ಡಬ್ಬಿ ಒಳಗೇ ಇರುತ್ತೆ."

"ಗುಂಗುರಿ ಏನಂದಳು?"

"ಅವಳೇನಂತಾಳೆ. ನಗ್ತಾಳೆ. ಏಣಿ ಕೆಮ್ಮಿದ್ರೂ ನಗ್ತಾಳೆ."

ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ಪು ಬದಲಾಯಿಸುವುದು, ಯೂನಿಫಾರಂ ಅಂಚು ಬಿಚ್ಚಿ ಇಳಿಸುವುದು. ಹೋದ ವರ್ಷದಿಂದ ಶಾಲೆ ಬಿಟ್ಟ ಮೇಲೆ ಮಗಳು ಚೀಲ ಎಸೆದು ಗುಂಗುರಿಯ ಮನೆಗೆ ಓಡುತ್ತಿದ್ದಳು. ನನಗೆ ಸಿಗುತ್ತಿದ್ದದ್ದು ಖಾಲಿ ಡಬ್ಬಿ ಮಾತ್ರ. ಈಗ ಮೆಷಿನ್ನಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಸೂಜಿಗೆ ದಾರ ಪೋಣಿಸಿಕೊಟ್ಟಳು. ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗೆ ನಡೆದದ್ದೆಲ್ಲ ಹೇಳಿದಳು. ಮಗು ನೊಂದಿತ್ತು. ಆದರೆ ಆ ವಾರ ನಾನು ಒಳಗೊಳಗೇ ಖುಷಿಯಾಗಿದ್ದೆ ಎಂಬುದನ್ನು ಮುಚ್ಚಿಟ್ಟು ಏನು ಮಾಡಲಿ.

ಎರಡನೇ ವಾರ ಅವಳೇ ಕೇಳಿದಳು. "ಅಮ್ಮ, ಹುಷಾರಿಲ್ಲ ಅಂತ ಚೀಟಿ ತಂದ್ರೆ ಸೀಟಮ್ಮ ಜಾಗ ಬದಲಾಯಿಸಲೇಬೇಕಂತೆ. ನಂಗೆ ಒಂದು ಬರ್ಕೊಡು."

"ಸುಳ್ಳು ಬರೀಬೇಕಾ ಮರಿ?"

"ಫ್ಯಾನ್ ಗಾಳಿ ಬರೋದು ಸುಳ್ಳಲ್ವಲ್ಲ."

ಗುಂಗುರಿಯನ್ನೋ ಟೀಚರನ್ನೋ ಕೇಳದೆ ನನ್ನನ್ನು ಕೇಳಿದಳಲ್ಲ, ಅಷ್ಟಕ್ಕೇ ನಾನು ಕರಗಿಹೋದೆ. ಬರೆದೆ. ಫ್ಯಾನಿನ ಗಾಳಿಗೆ ಮಗಳಿಗೆ ಕಿವಿ ನೋಯುತ್ತದೆ, ದಯವಿಟ್ಟು ನಾಲ್ಕನೇ ಮೇಜಿನ ಮೂರನೇ ಜಾಗ ಕೊಡಬೇಕು ಎಂದು.

ಕೊಟ್ಟರು. ಏಣಿಯನ್ನು ಎಬ್ಬಿಸಿ ನಲ್ಲಿಯ ಹತ್ತಿರ ಕಳಿಸಿದರು. ಅವತ್ತು ಮಗಳು ಬಾಗಿಲಲ್ಲೇ ಚಪ್ಪಲಿ ಹಾರಿಸಿ, "ಡಬ್ಬಿ ಎತ್ಕೊಂಡು ಹೋಗೋವಾಗ ಅವಳ ಮುಖ ನೋಡಬೇಕಿತ್ತು ನೀನು" ಎಂದಳು. ನಾನೂ ನಕ್ಕುಬಿಟ್ಟೆ. ಒಬ್ಬರ ಮಗುವಿನ ಮುಖ ಸಣ್ಣದಾದದ್ದಕ್ಕೆ ನಾವಿಬ್ಬರೂ ನಕ್ಕೆವು.

ಮರುದಿನ ಆಟದ ಪೀರಿಯಡ್ಡು. ಆಟದ ಹಾಲು ಒಂದೇ, ಎರಡು ತರಗತಿ ಒಟ್ಟಿಗೆ ಬರುತ್ತವೆ. ನಡುವೆ ಹಗ್ಗ ಕಟ್ಟಿ ಆಚೆ ಅರ್ಧ, ಈಚೆ ಅರ್ಧ. ಜನ ಎಷ್ಟು ಕಡಿಮೆಯಾದರೆ ಪಿ.ಟಿ. ಮೇಷ್ಟ್ರಿಗೆ ಅಷ್ಟು ಅನುಕೂಲ. ಊಟದ ಕೋಣೆಗೆ ಬಂದ ಚೀಟಿಯ ಒಂದು ನಕಲು ಅವರಿಗೂ ಹೋಗುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲ. ಕಿವಿ ನೋವಿನವರು ಚೆಂಡಿನ ಆಟ ಆಡುವ ಹಾಗಿಲ್ಲ ಎಂದು ಅವರು ಮಗಳನ್ನು ಗೋಡೆಯ ಬೆಂಚಿಗೆ ಕೂರಿಸಿದರು. ಬಿಡುವಿನಲ್ಲೂ ಅಂಗಳಕ್ಕೆ ಬಿಡಲಿಲ್ಲ. ಈ ತಿಂಗಳು ಮುಗಿಯುವವರೆಗೆ ಹೀಗೇ ಅಂತೆ.

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ" ಎಂದರು ನಮ್ಮನೆಯವರು, ಪೇಪರಿನಿಂದ ತಲೆ ಎತ್ತದೆ. "ಇಲ್ಲಿ ಎತ್ತಿಗೆ ಜ್ವರಾನೂ ಇಲ್ಲ."

ಮಗಳು ಮತ್ತೆ ಸ್ಟೂಲಿಗೆ ಬಂದಳು. ನಾಳೆಯೇ ಹೋಗಿ ಚೀಟಿ ವಾಪಸು ತೆಗೆದುಕೊಳ್ಳುತ್ತೇನೆ ಎಂದು ನಾನು ಹೇಳಬೇಕಿತ್ತು. ಮೂರು ಪ್ಯಾಂಟು ಕೊಡುವುದಿದೆ, ಎರಡು ದಿನ ಬಿಟ್ಟು ನೋಡೋಣ ಎಂದೆ. ಪ್ಯಾಂಟು ಇದ್ದದ್ದು ಒಂದೇ.

ಮೂರನೆಯ ದಿನ ಸಂಜೆ ಅವಳು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಾ ಕೂತಿದ್ದಳು. ಬೀದಿಯಲ್ಲಿ ಗುಂಗುರಿಯ ನಗು ಕೇಳಿಸಿತು, ಅದರ ಹಿಂದೆಯೇ ಇನ್ನೊಂದು ನಗು. ಮಗಳ ಕೈ ನಿಂತಿತು. ಹನ್ನೊಂದು ವರ್ಷದ ಮಗು ಅಜ್ಜಿಯ ಹಾಗೆ ಕೂತಿದೆಯಲ್ಲ ಎನ್ನಿಸಿತು. ಮಾರನೆಯ ದಿನ ಶಾಲೆಗೆ ಹೋದೆ.

ಸೀಟಮ್ಮ ಮೇಜು ಒರೆಸುತ್ತಿದ್ದರು. ನಾನು ತಪ್ಪೊಪ್ಪಿಕೊಳ್ಳುವ ಮೊದಲೇ ಬಟ್ಟೆ ಹಿಂಡುತ್ತಾ ಹೇಳಿದರು, "ಕಿವಿ ನೋವಿಗೆ ಇಂಥದೇ ಮೇಜು, ಇಂಥದೇ ನಂಬರು ಅಂತ ಬರೆದುಕೊಟ್ಟವರನ್ನ ನಾನು ನೋಡಿದ್ದು ಇದೇ ಮೊದಲು."

"ಗೊತ್ತಿದ್ದೂ ಕೊಟ್ಟಿರಲ್ಲಕ್ಕಾ."

"ನಾನು ಡಾಕ್ಟರಾ? ಚೀಟಿ ಬಂದ್ರೆ ಕೊಡಬೇಕು, ನಿಯಮ. ಅಲ್ಲಮ್ಮ, ನೋವು ಇದ್ದದ್ದು ಮಗಳಿಗೋ ನಿಮಗೋ?"

ಚೀಟಿ ಹರಿದರೆ ಏನಾಗುತ್ತದೆ ಎಂದು ಕೇಳಿದೆ.

"ನಿಮ್ಮ ಮಗಳು ಆಟಕ್ಕೆ ಹೋಗ್ತಾಳೆ. ಊಟಕ್ಕೆ ನಲ್ಲಿ ಹತ್ರ. ಆ ಉದ್ದದ ಹುಡುಗಿ ತನ್ನ ಜಾಗಕ್ಕೆ ಬರ್ತಾಳೆ. ಮಗಳನ್ನೇ ಕೇಳಿ, ಅಲ್ಲೇ ಹಾಲಲ್ಲಿದಾಳೆ."

ಹಾಲಿನ ಒಳಗೆ ಕಾಲಿಡಲು ಜಾಗವಿರಲಿಲ್ಲ. ಹಗ್ಗದ ಎರಡೂ ಕಡೆ ಮಕ್ಕಳು, ಚೆಂಡು, ಬೆವರಿನ ವಾಸನೆ. ಮಗಳು ಬೆಂಚಿನ ಮೇಲೆ ಆಡುವವರ ಕನ್ನಡಕ, ವಾಚು, ಕ್ಲಿಪ್ಪುಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಗುಂಗುರಿ ಮತ್ತು ಏಣಿ ಒಂದೇ ಪಕ್ಷದಲ್ಲಿ ಆಡುತ್ತಿದ್ದರು. ಏಣಿ ಓಡಿಬಂದು, "ಇದನ್ನೂ ಇಟ್ಕೋ" ಎಂದು ಕೂದಲ ಬ್ಯಾಂಡು ಬಿಚ್ಚಿ ಮಗಳ ಮಡಿಲಿಗೆ ಹಾಕಿ ಹೋದಳು.

ನಾನು ಪಕ್ಕದಲ್ಲಿ ಕೂತು ವಿಷಯ ಹೇಳಿದೆ.

"ಆ ಜಾಗ ಅವಳಿಗೇ ಕೊಡಬೇಕಾ? ಖಾಲಿ ಬಿಡಬಾರದಾ?"

"ಆ ಕೋಣೆಯಲ್ಲಿ ಖಾಲಿ ಜಾಗ ಎಲ್ಲಿದೆ ಕಂದ. ಸೀಟಮ್ಮನೇ ನಿಂತ್ಕೊಂಡು ಉಣ್ತಾರಂತೆ."

ಮಗಳು ಬ್ಯಾಂಡನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಾನು ಪಕ್ಕದಲ್ಲೇ ಕೂತ್ಕೊಂಡ್ರೂ ಗುಂಗುರಿ ಅವಳ ಜೊತೆನೇ ಮಾತಾಡ್ತಾಳೆ. ನಲ್ಲಿವರೆಗೂ ಕೂಗಿ. ಯಾರು ಯಾರನ್ನ ಔಟ್ ಮಾಡಿದ್ರು ಅಂತ. ನಂಗೆ ಹೇಳಕ್ಕೆ ಏನಿದೆ? ಯಾರ ಕನ್ನಡಕ ಯಾವುದು ಅಂತ ಹೇಳಲಾ?"

"ಹಾಗಾದ್ರೆ?"

"ಏಣಿ ಅಲ್ಲಿ ಕೂತ್ರೆ ನಂಗೆ ಹೊಟ್ಟೆ ಉರಿಯುತ್ತೆ ಅಮ್ಮ."

"ಉರಿಯುತ್ತೆ. ನನಗೂ ಉರಿಯುತ್ತೆ."

"ನಿಂಗ್ಯಾಕೆ?"

"ಅದಿರಲಿ. ನೀನು ಹೇಳು."

ಅವಳು ಮಡಿಲಲ್ಲಿದ್ದದ್ದನ್ನೆಲ್ಲ ಬಾಚಿ ನನ್ನ ಸೆರಗಿಗೆ ಸುರಿದು, "ಹರಿದುಬಿಡು ಅನ್ನು ಸೀಟಮ್ಮಂಗೆ" ಎಂದು ಎದ್ದಳು. ನಾನೇ ಮೇಷ್ಟ್ರ ಹತ್ತಿರ ಹೋಗಿ ಮಾತಾಡಿದೆ. ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಗಳನ್ನು ಎದುರು ಪಕ್ಷಕ್ಕೆ ಹಾಕಿದರು. ಅಲ್ಲಿ ಮಾತ್ರ ಒಬ್ಬರು ಕಡಿಮೆಯಿದ್ದರು.

ಮೊದಲ ಚೆಂಡನ್ನೇ ಅವಳು ಏಣಿಗೆ ಗುರಿಯಿಟ್ಟಳು. ಹತ್ತು ದಿನದ ಸಿಟ್ಟೆಲ್ಲ ಅದರಲ್ಲಿತ್ತು. ಏಣಿಯ ಮೊಣಕಾಲಿಗೆ ತಗುಲಿ ಚೆಂಡು ಗೋಡೆಗೆ ಹೋಯಿತು. ಏಣಿ ಮೊಣಕಾಲು ಉಜ್ಜಿಕೊಂಡು, "ಕಿವಿ ನೋವಿನವಳು ಇಷ್ಟು ಜೋರಾಗಿ ಎಸೀತಾಳಾ" ಎಂದಳು. ಗುಂಗುರಿ ನಕ್ಕಳು. ಈ ಸಲ ಮಗಳ ಕಡೆ ನೋಡಿ ನಕ್ಕಳು.

ಅವತ್ತು ಸಂಜೆ ಅವಳು ಮನೆಗೆ ಬಂದದ್ದು ಅರ್ಧ ಗಂಟೆ ತಡವಾಗಿ. ಹಿಂದೆ ಗುಂಗುರಿ, ಅವಳ ಹಿಂದೆ ಸ್ವಲ್ಪ ದೂರದಲ್ಲಿ ಏಣಿ. ಮೂವರೂ ಒಳಗೆ ಬರದೆ ಮೆಟ್ಟಿಲ ಮೇಲೆ ಕೂತರು.

"ಊಟಕ್ಕೆ ಎಲ್ಲಿ ಕೂತೆ?" ಒಳಗಿನಿಂದಲೇ ಕೇಳಿದೆ.

"ನಲ್ಲಿ ಹತ್ರ."

"ಬೇಜಾರಾಯ್ತಾ?"

"ಹೂಂ. ಆಮೇಲೆ ಹೇಳ್ತೀನಮ್ಮ."

ಆಮೇಲೆ ಎಂದರೆ ಹೇಳುವುದಿಲ್ಲ ಎಂದೇ ಅರ್ಥ. ಹೊರಗೆ ಪಿಸುಮಾತು ಶುರುವಾಯಿತು. ಮೆಷಿನ್ನು ತುಳಿಯುವುದನ್ನು ನಿಲ್ಲಿಸಿದೆ. ಆದರೂ ಒಂದು ಮಾತೂ ತಿಳಿಯಲಿಲ್ಲ. ಆ ಇಬ್ಬರು ಹುಡುಗಿಯರ ಮೇಲೆ ನನಗೆ ಬಂದ ಹೊಟ್ಟೆಕಿಚ್ಚು ಎಷ್ಟೆಂದು ಹೇಳಿದರೆ ನೀವು ನಗುತ್ತೀರಿ. ಎದ್ದು ಮೂರು ಲೋಟ ನೀರು ತುಂಬಿ, ಮೆಟ್ಟಿಲ ಮೇಲಿಟ್ಟು, ಏನೂ ಕೇಳದೆ ಒಳಗೆ ಬಂದೆ.